ಹೊತ್ತವರ ತೂಕ ಹಾಕೋರು ಯಾರು?

ಬಳ್ಳಾರಿ ಕೌಲ್ ಬಜಾರಿನ ಒಂದು ಓಣಿ. ನಲ್ಲಿಯಲ್ಲಿ ನೀರು ಬರುವುದಕ್ಕೂ ಮುಂಚೆ ಅಲ್ಲಿ ಹೊಲಿಗೆ ಮಿಷಿನ್ನಿನ ಸದ್ದು ಶುರುವಾಗುತ್ತದೆ. ಜೀನ್ಸ್ ಪ್ಯಾಂಟಿಗೆ ಜೇಬು ಕೂಡಿಸಿ ಕೊಡುವುದು ಆ ಮನೆಯಾಕೆಯ ಕೆಲಸ. ಪೀಸ್ ಲೆಕ್ಕದ ಕೂಲಿ. ಹೊಲಿದಷ್ಟು ದುಡ್ಡು, ಹೊಲಿಯದ ದಿನ ಏನೂ ಇಲ್ಲ. ಒಳಗಿನ ಕೋಣೆಯಲ್ಲಿ ಗಂಡ. ಹನ್ನೊಂದು ವರ್ಷದಿಂದ ಮನಸ್ಸಿನ ಕಾಯಿಲೆ. ಮಾತ್ರೆ ನುಂಗಿದರೆ ತನ್ನ ಪಾಡಿಗೆ ತಾನು ಇರುತ್ತಾನೆ. ನಾಲ್ಕು ದಿನ ತಪ್ಪಿತೋ, ರಾತ್ರಿ ಎದ್ದು ಹೊರಟೇಬಿಡ್ತಾನೆ. ಒಂದು ಸಲ ಗುಂತಕಲ್ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ಆವತ್ತಿನಿಂದ ಬಾಗಿಲ ಚಿಲಕಕ್ಕೆ ಆಕೆ ಒಂದು ಸ್ಟೀಲ್ ಲೋಟ ಕಟ್ಟಿದ್ದಾಳೆ. ಚಿಲಕ ಅಲುಗಿದರೆ ಲೋಟ ಬಡಿದುಕೊಳ್ಳುತ್ತದೆ, ಆಕೆಗೆ ಎಚ್ಚರವಾಗುತ್ತದೆ.

ಈ ನಡುವೆ ಆಕೆಗೇ ಒಂದು ಆಪರೇಷನ್ ಆಗಬೇಕಿದೆ. ಗರ್ಭಕೋಶದಲ್ಲಿ ಗಡ್ಡೆ. ಡಾಕ್ಟರು ಹೇಳಿ ಎರಡು ವರ್ಷವಾಯಿತು. ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಕೂರ್ತಾಳೆ, ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿದೆ. ಆದರೂ ಅಡ್ಮಿಟ್ ಆಗಿಲ್ಲ.

"ನಾ ಎಂಟು ದಿನ ಆಸ್ಪತ್ರೆಯಾಗ ಬಿದ್ರ ಇವ್ರನ್ನ ಯಾರು ನೋಡ್ಕೊಂತಾರ್ರಿ?" ಎಂಬುದು ಆಕೆಯ ಪ್ರಶ್ನೆ.

ಪ್ರಶ್ನೆ ಸರಳ. ಉತ್ತರ ಕೊಡುವ ಕೌಂಟರ್ ಮಾತ್ರ ಎಲ್ಲೂ ಇಲ್ಲ. ಗಂಡ ಚಿಕಿತ್ಸೆ ಪಡೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಅವನ ಹೆಸರಿನ ಮುಂದೆ ತಿಂಗಳು ತಿಂಗಳಿಗೆ ಸರಿಯಾಗಿ ಗುರುತು ಬಿದ್ದಿದೆ. ತಪ್ಪದೆ ಬರುವ ರೋಗಿ. ಮಾತ್ರೆ ಪುಕ್ಕಟೆ ಸಿಗುತ್ತದೆ, ಡಾಕ್ಟರು ಗದರುವುದಿಲ್ಲ, ನರ್ಸಮ್ಮ ಹೆಸರು ಹಿಡಿದು ಮಾತಾಡಿಸುತ್ತಾಳೆ. ಕಾಗದದ ಮೇಲೆ ನೋಡಿದರೆ ಇಲಾಖೆ ಎದೆ ತಟ್ಟಿಕೊಳ್ಳಬಹುದಾದ ಕೇಸು ಇದು. ಆದರೆ ಅವನು ತಪ್ಪದೆ ಬರೋದು ಯಾರ ದೆಸೆಯಿಂದ? ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಆಟೋ ಹತ್ತಿಸಿ ಕರಕೊಂಡು ಬರುವವಳ ಹೆಸರು ರಿಜಿಸ್ಟರಿನಲ್ಲಿಲ್ಲ. ಆಕೆ ಬರೀ "ಜೊತೆಗೆ ಬಂದವರು".

ಊರಿನ ಅಂಗಡಿಕಾರರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತಕ್ಕಡಿಗೆ, ಬಟ್ಟಿಗೆ ತೂಕದ ಇಲಾಖೆಯವರ ಸೀಲು ಬೇಕು. ವಾಯಿದೆ ಮುಗಿದರೆ ದಂಡ. ಕಾಲು ಕೆಜಿ ಸಕ್ಕರೆ ತೂಗಲು ಇಷ್ಟೆಲ್ಲ ಕಾನೂನು ಇರುವಾಗ, ಮನೆಯಲ್ಲಿ ರೋಗಿ, ಮುದುಕರು, ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವವರಿಗೆ ಅಂತ ನಡೆಯುವ ಸೇವೆಗಳಿಗೆ ಅಳತೆ ಯಾವುದು? ಸೇವೆ ಸಿಕ್ಕ ಮೇಲೆ ಹೊತ್ತವರ ಹೆಗಲು ಎಷ್ಟು ಹಗುರವಾಯಿತು ಅಂತ ನೋಡುವವರು ಯಾರು?

ಎಷ್ಟು ಶಿಬಿರ ನಡೆಯಿತು, ಎಷ್ಟು ಜನ ಬಂದರು, ಎಷ್ಟು ಅನುದಾನ ಖರ್ಚಾಯಿತು. ಸದ್ಯಕ್ಕೆ ಸಾಮಾನ್ಯವಾಗಿ ಇಷ್ಟೇ ಲೆಕ್ಕ. ಇದು ಗಿರಾಕಿಗಳ ತಲೆ ಎಣಿಸಿ ವ್ಯಾಪಾರ ಚೆನ್ನಾಗಾಯಿತು ಅಂದ ಹಾಗೆ. ಸಂಜೆ ಗಲ್ಲಾ ಪೆಟ್ಟಿಗೆ ತೆಗೆದು ನೋಡುವ ಅಂಗಡಿಕಾರ ಯಾರೂ ಈ ಲೆಕ್ಕ ಒಪ್ಪುವುದಿಲ್ಲ.

ಅತ್ಯುತ್ತಮ ಅಂತ ಟಿಕ್ ಹಾಕಿದ್ದು

ಮಾರ್ಕೆಟ್ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಒಬ್ಬರ ಕಥೆ ಕೇಳಿ. ತಾಯಿಗೆ ಎಪ್ಪತ್ತೆಂಟು. ಮರೆವಿನ ಕಾಯಿಲೆ. ಮಗನನ್ನೇ "ನೀನು ಯಾರಪ್ಪ, ಬಾಡಿಗೆ ಕೊಡಾಕ ಬಂದೀಯೇನು?" ಎಂದು ಕೇಳುತ್ತಾರೆ. ಊಟ ಮಾಡಿಸಿ ಕೈ ತೊಳೆಸಿದ ಹತ್ತು ನಿಮಿಷಕ್ಕೆ, ಇವತ್ತು ಯಾರೂ ಊಟ ಹಾಕಲಿಲ್ಲ ಅಂತ ಬೀದಿಗೆ ಬಂದು ಅಳುತ್ತಾರೆ. ಹೆಂಡತಿ ಶಾಲೆಯಲ್ಲಿ ಟೀಚರ್. ಹೀಗಾಗಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯ ಶಟರ್ ಕೆಳಗೆ. ಅಕ್ಕಪಕ್ಕದವರು ಮೊದಮೊದಲು, "ಸಾಹುಕಾರ್ರಿಗೆ ಮಧ್ಯಾಹ್ನದ ನಿದ್ದೆ ಜೋರು" ಎಂದು ನಗುತ್ತಿದ್ದರು. ಈಗ ಗೊತ್ತಾಗಿದೆ, ನಗುವುದಿಲ್ಲ. ಮದುವೆ ಸೀಸನ್ನಿನಲ್ಲಿ ಹಳ್ಳಿಯಿಂದ ಬಂದ ಗಿರಾಕಿ ಶಟರ್ ನೋಡಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಆ ನಷ್ಟ ಯಾವ ರಶೀದಿಯಲ್ಲೂ ಬರುವುದಿಲ್ಲ.

ಇಂಥವರಿಗಾಗಿಯೇ ಒಂದು ದಿನದ ತರಬೇತಿ ಶಿಬಿರ ನಡೆಯಿತು. ಇವರೂ ಹೋದರು. ವೇದಿಕೆ, ಬ್ಯಾನರ್, ದೀಪ ಬೆಳಗಿಸುವುದು, ಗಣ್ಯರಿಗೆ ಶಾಲು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಊಟ. ಭಾಷಣಗಳ ನಡುವೆ ಒಬ್ಬ ಡಾಕ್ಟರಮ್ಮ ಮುಕ್ಕಾಲು ಗಂಟೆ ಮಾತಾಡಿದರು, ಅದು ನಿಜಕ್ಕೂ ಉಪಯೋಗದ ಮಾತು. ಹಟ ಮಾಡುವ ಮುದುಕರ ಜೊತೆ ವಾದಕ್ಕೆ ನಿಲ್ಲಬೇಡಿ, ಮಾತು ಬೇರೆ ಕಡೆ ತಿರುಗಿಸಿ ಅಂದರು. ಕಚ್ಚೆಯ ಸೀರೆ ಬಿಟ್ಟು ಸಡಿಲ ನೈಟಿ ಹಾಕಿಸಿ, ಬಾತ್ ರೂಮಿನ ಬಾಗಿಲಿಗೆ ಎದ್ದು ಕಾಣುವ ಬಣ್ಣ ಬಳಿಸಿ ಅಂದರು. ಸಂಜೆ ಒಂದು ಹಾಳೆ ಕೊಟ್ಟರು. ಕಾರ್ಯಕ್ರಮ ಹೇಗಿತ್ತು? ಸಾಧಾರಣ, ಉತ್ತಮ, ಅತ್ಯುತ್ತಮ. ಉಪ್ಪಿಟ್ಟು ತಿಂದ ಋಣ, ಡಾಕ್ಟರಮ್ಮನ ಮುಖ ನೋಡಿದ ಸಂಕೋಚ. ಇವರು "ಅತ್ಯುತ್ತಮ" ಅಂತ ಟಿಕ್ ಹಾಕಿದರು. ಬಹಳ ಮಂದಿ ಹಾಗೇ ಹಾಕಿದರು.

ಆ ಹಾಳೆಯಲ್ಲಿ ಕೇಳಬೇಕಿದ್ದ ಪ್ರಶ್ನೆಯೇ ಇರಲಿಲ್ಲ. ಇವತ್ತು ಇಡೀ ದಿನ ನಿಮ್ಮ ತಾಯಿಯನ್ನು ಯಾರ ಹತ್ತಿರ ಬಿಟ್ಟು ಬಂದಿರಿ?

ಬಿಟ್ಟು ಬಂದದ್ದು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಹತ್ತಿರ. ಅವನಿಗೂ ಒಂದು ದಿನದ ಪಗಾರ, ಶಟರ್‌ಗೂ ಒಂದು ದಿನದ ಬೀಗ. ನೋಡಿಕೊಳ್ಳುವವರ ಕಷ್ಟ ಇಳಿಸುವ ಶಿಬಿರಕ್ಕೆ ಬರುವುದೇ ಒಂದು ಕಷ್ಟವಾಗಿತ್ತು. ಎಷ್ಟೋ ಜನ ಬರಲೇ ಇಲ್ಲ. ಬರದೇ ಇದ್ದವರ ಅಭಿಪ್ರಾಯದ ಹಾಳೆ ಯಾರ ಹತ್ತಿರವೂ ಇಲ್ಲ. ಬಂದವರು ಅಷ್ಟಿಷ್ಟು ಅನುಕೂಲ ಇದ್ದವರು. ಬರಲಾಗದವರೇ ಹೆಚ್ಚು ಹೊತ್ತವರು.

ಸಿರುಗುಪ್ಪ ಕಡೆಯ ಒಬ್ಬ ತಾಯಿಯ ವಿಷಯವೂ ಇದೇ. ಸೆರೆಬ್ರಲ್ ಪಾಲ್ಸಿಯ ಮಗ, ಕಾಲು ಕೈ ಸ್ವಾಧೀನದಲ್ಲಿಲ್ಲ. ವಾರಕ್ಕೊಮ್ಮೆ ಫಿಜಿಯೋಥೆರಪಿಗೆ ಕರಕೊಂಡು ಬರುತ್ತಿದ್ದಳು. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದಿರುವುದು ಆಕೆಗೆ ದೊಡ್ಡ ಅನುಕೂಲವೇ ಆಗಿತ್ತು. ಆದರೆ ಹುಡುಗನಿಗೆ ಹನ್ನೊಂದು ತುಂಬಿತು, ಮೈ ಬೆಳೆಯಿತು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅಂತ ದಿನಾ ಓಡಾಡುವ ಪ್ರಯಾಣಿಕರಿಗೆ ಗೊತ್ತು. ಕಂಕುಳಲ್ಲಿ ಅಷ್ಟು ದೊಡ್ಡ ಹುಡುಗನನ್ನು ಎತ್ತಿಕೊಂಡು, ಫ್ರೀ ಬಸ್ಸಿನ ನೂಕುನುಗ್ಗಲಿನಲ್ಲಿ ಹತ್ತೋದು ಹೆಂಗೆ? ಒಂದಿನ ಸೊಂಟ ಹಿಡಿದುಕೊಂಡಿತು. ಬರುವುದು ನಿಂತಿತು. ದಾಖಲೆಯಲ್ಲಿ "ಚಿಕಿತ್ಸೆ ಬಿಟ್ಟವರು" ಅಂತ ಸೇರಿಹೋಯಿತು. ಆಕೆ ಬಿಟ್ಟಿದ್ದಲ್ಲ, ಎತ್ತಲಾಗಲಿಲ್ಲ. ಈ ಎರಡಕ್ಕೂ ಬೇರೆ ಬೇರೆ ಕಾಲಂ ಇದ್ದಿದ್ದರೆ, ತಿಂಗಳಿಗೊಮ್ಮೆ ಫಿಜಿಯೋಥೆರಪಿಸ್ಟ್ ಹಳ್ಳಿಗೆ ಹೋಗುವ ಏರ್ಪಾಡಾದರೂ ಯಾರಿಗಾದರೂ ಹೊಳೆಯುತ್ತಿತ್ತೇನೋ.

ಇಪ್ಪತ್ತನಾಲ್ಕು ಪ್ರಶ್ನೆ

ಇದನ್ನೆಲ್ಲ ಅಳೆಯುವುದು ಹೇಗೆ, ಕಷ್ಟಕ್ಕೆ ಲೀಟರ್ ಉಂಟೇ, ಮೀಟರ್ ಉಂಟೇ ಎಂದು ಕೇಳುವವರಿದ್ದಾರೆ. ಅಳತೆ ಇದೆ. ತಮಾಷೆ ಎಂದರೆ ಅದು ವಿಲಾಯತಿಯಿಂದ ಬರಬೇಕಾಗಿಲ್ಲ. ಬೆಂಗಳೂರಿನಲ್ಲೇ, ನಲವತ್ತು ವರ್ಷಕ್ಕೂ ಹಿಂದೆ ತಯಾರಾಗಿದ್ದು.

ನಿಮ್ಹಾನ್ಸ್‌ನಲ್ಲಿದ್ದ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಕಪೂರ್ ಅಂದರೆ ಕರಾವಳಿಯ ಕೋಟದಲ್ಲಿ ಹಳ್ಳಿ ಜನರ ಮನಸ್ಸಿನ ಆರೋಗ್ಯದ ಅಧ್ಯಯನ ಮಾಡಿ, ಇನ್ನೊಬ್ಬರ ಜೊತೆ ಸೇರಿ 1976ರಲ್ಲಿ ಪುಸ್ತಕ ತಂದವರು. ಮನಸ್ಸಿನ ಕಾಯಿಲೆಯವರು ಇರುವ ಮನೆಯ ಮೇಲೆ ಬೀಳುವ ಭಾರ ಎಷ್ಟು ಅಂತ ನೋಡಲು ಇವರು ಮಾಡಿದ್ದು 24 ಪ್ರಶ್ನೆ. ಆರು ಬಾಬತ್ತು. ಹಣಕಾಸು, ಮನೆಯ ದಿನನಿತ್ಯದ ಕೆಲಸ, ಬಿಡುವು, ಮನೆಯವರ ಒಳಗಿನ ಸಂಬಂಧ, ಉಳಿದವರ ಮೈ ಆರೋಗ್ಯ, ಅವರ ಮನಸ್ಸಿನ ಆರೋಗ್ಯ. ಒಂದೊಂದು ಪ್ರಶ್ನೆಗೂ ಸೊನ್ನೆ, ಒಂದು ಅಥವಾ ಎರಡು ಅಂಕ. ಭಾರ ಇಲ್ಲದಿದ್ದರೆ ಸೊನ್ನೆ, ವಿಪರೀತ ಇದ್ದರೆ ಎರಡು. ಕೊನೆಯಲ್ಲಿ, ಒಟ್ಟಾರೆ ನಿಮಗೆಷ್ಟು ಸಂಕಟವಾಗಿದೆ ಎಂದು ಬೇರೆಯಾಗಿ ಒಂದು ಪ್ರಶ್ನೆ.

ಪ್ರಶ್ನೆಗಳು ಎಂಥವು ನೋಡಿ. ರೋಗಿಯ ಸಂಪಾದನೆ ನಿಂತಿತಾ? ಅವನನ್ನು ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಟ್ಟರಾ? ಸಾಲ ಆಯ್ತಾ? ಮನೆಯಲ್ಲಿ ಮಾಡಬೇಕೆಂದಿದ್ದ ಕಾರ್ಯ ಮುಂದಕ್ಕೆ ಹೋಯ್ತಾ? ನೆಂಟರು, ನೆರೆಹೊರೆಯವರು ಬರುವುದು ಕಮ್ಮಿಯಾಯ್ತಾ? ಮನೆಯಲ್ಲಿ ಯಾರಾದರೂ ಸೊರಗಿದರಾ, ನಿದ್ದೆಗೆಟ್ಟರಾ? ಇದರಲ್ಲಿ ಅರ್ಥವಾಗದ್ದು ಏನಿದೆ? ಕಟ್ಟೆಯ ಮೇಲೆ ಕೂತ ಯಾವ ಅಜ್ಜಿಯಾದರೂ ಕೇಳುವ ಪ್ರಶ್ನೆಗಳೇ. ವ್ಯತ್ಯಾಸ ಏನೆಂದರೆ ಇಲ್ಲಿ ಉತ್ತರವನ್ನು ಬರೆದಿಡುತ್ತಾರೆ. ಟಿಕ್ ಹಾಕಿ ಅಂತ ಹಾಳೆ ಕೊಟ್ಟು ಎದ್ದುಹೋಗುವುದಿಲ್ಲ. ಎದುರಿಗೆ ಕೂತು ಮಾತಾಡಿಸಿ, ಕೇಳಿದವರೇ ತೂಕ ನೋಡಿ ಅಂಕ ಹಾಕುತ್ತಾರೆ.

ಅಮೆರಿಕದಲ್ಲೂ ಸರಿಸುಮಾರು ಅದೇ ಹೊತ್ತಿಗೆ, 1980ರಲ್ಲಿ, ಜಾರಿಟ್ ಎಂಬುವರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಈಗ ಬಳಕೆಯಲ್ಲಿರುವುದು ಅದರ 22 ಪ್ರಶ್ನೆಯ ರೂಪ, ಒಟ್ಟು 88 ಅಂಕ. ಪ್ರಪಂಚದ ನಾನಾ ಭಾಷೆಗಳಿಗೆ ಹೋಗಿದೆ. ಇರಲಿ.

ಪೈ ಮತ್ತು ಕಪೂರ್ ಅಳತೆಗೋಲು ಮಾಡಿ ಕಪಾಟಿನಲ್ಲಿ ಇಡಲಿಲ್ಲ ಎಂಬುದು ಮುಖ್ಯ. ಅದನ್ನು ಹಿಡಿದು ಒಂದು ಸೇವೆಯನ್ನು ತೂಗಿ ನೋಡಿದರು. ಒಂದಷ್ಟು ರೋಗಿಗಳಿಗೆ ಎಂದಿನಂತೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ಇನ್ನೊಂದಷ್ಟು ರೋಗಿಗಳಿಗೆ ಮನೆಯಲ್ಲೇ, ನರ್ಸ್ ಒಬ್ಬರು ಮನೆಗೆ ಹೋಗಿ ನೋಡಿಕೊಂಡು ಬರುವ ಏರ್ಪಾಡು. 1983ರ ಹೊತ್ತಿಗೆ ಫಲಿತಾಂಶ ಪ್ರಕಟವಾಯಿತು. ನರ್ಸ್ ಮನೆಗೆ ಹೋದ ಕಡೆ ರೋಗಿಯೂ ಚೇತರಿಸಿದ್ದ, ಮನೆಯವರ ಭಾರವೂ ಇಳಿದಿತ್ತು. ಖರ್ಚೂ ಕಮ್ಮಿ.

ಮನೆಯಲ್ಲೇ ಇಟ್ಟುಕೊಂಡರೆ ಮನೆಯವರಿಗೆ ಭಾರ ಹೆಚ್ಚು, ಆಸ್ಪತ್ರೆಗೆ ಹಾಕಿದರೆ ಹಗುರ ಅಂತ ಯಾರಾದರೂ ಅಂದುಕೊಳ್ಳುವುದು ಸಹಜ. ತೂಗಿ ನೋಡಿದಾಗ ತಿರುಗಾಮುರುಗಾ ಆಯಿತು. ಬಾಗಿಲಿಗೆ ಬಂದು "ಹೆಂಗಿದೀರಮ್ಮಾ?" ಎಂದು ಕೇಳುವ ಒಬ್ಬ ನರ್ಸಿನ ಬೆಲೆ ತೂಗಿದ್ದರಿಂದ ಗೊತ್ತಾಯಿತು. ತೂಗದಿದ್ದರೆ ಗೊತ್ತಾಗುತ್ತಿರಲಿಲ್ಲ.

ಬಳ್ಳಾರಿಯ ಹೆಸರು ದಿಲ್ಲಿಗೆ ಹೋದದ್ದು

ಈ ಮಾತು ಬಳ್ಳಾರಿಯಲ್ಲಿ ಆಡುವುದಕ್ಕೆ ಕಾರಣವಿದೆ. ಈ ಜಿಲ್ಲೆಯ ಹೆಸರನ್ನು ಜನ ಗಣಿ ಧೂಳಿಗೆ, ಬಿಸಿಲಿಗೆ, ಬೇರೆ ಕೆಲವು ಸಂಗತಿಗಳಿಗೆ ನೆನೆಯುತ್ತಾರೆ. ಆದರೆ ದೇಶದ ವೈದ್ಯರು ಇದನ್ನು ನೆನೆಯುವುದು ಬೇರೆ ಒಂದಕ್ಕೆ. 1985ರಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಯೋಗ ಮಾಡಿದ್ದು ಇಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ಹತ್ತಿರ ಸಕಲವಾರದಲ್ಲಿ ಚಿಕ್ಕದಾಗಿ ಮಾಡಿ ನೋಡಿದ್ದರು. ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲ ಸೇರಿ ಆಗ ಒಂದೇ ಜಿಲ್ಲೆ. 1981ರ ಜನಗಣತಿಯ ಪ್ರಕಾರ ಸುಮಾರು 15 ಲಕ್ಷ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾತ್ರೆಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಈ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಯೋಜನೆ ಶುರು ಮಾಡಿತು, ಮುಂದೆ ಅದು ದೇಶವೆಲ್ಲ ಹಬ್ಬಿತು. "ಬಳ್ಳಾರಿ ಮಾದರಿ" ಎಂಬ ಮಾತು ಈಗಲೂ ವೈದ್ಯಕೀಯ ಪುಸ್ತಕಗಳಲ್ಲಿದೆ.

ಆ ಕಾರ್ಯಕ್ರಮ ಮನೆಯವರಿಗೆ ಮಾಡಿದ ಉಪಕಾರ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ ಮುನ್ನೂರು ಕಿಲೋಮೀಟರ್. ಮೊದಲು ಮಾತ್ರೆಗಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ರಾತ್ರಿಯಿಡೀ ಪ್ರಯಾಣ, ಪಕ್ಕದಲ್ಲಿ ಗಲಾಟೆ ಮಾಡುವ ರೋಗಿ, ಬಸ್ಸಿನವರೆಲ್ಲ ತಿರುಗಿ ನೋಡುವ ಅವಮಾನ. ಅದು ತಪ್ಪಿತು. ಇದು ಸಣ್ಣ ಮಾತಲ್ಲ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಅಂತ ಮಾಡಿ, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ತಂದಾಗ ದೂರ ಇನ್ನಷ್ಟು ಕಮ್ಮಿಯಾಯಿತು.

ಆದರೆ ಲೆಕ್ಕ ಬರೆಯುವಾಗ ರೋಗಿಗಳ ಸಂಖ್ಯೆ ಬರೆದರೇ ಹೊರತು ಮನೆಯವರಿಗೆ ಉಳಿದ ದೂರ, ಉಳಿದ ಕೂಲಿ ಬರೆಯುವ ರೂಢಿ ಬೆಳೆಯಲಿಲ್ಲ. ಮಾದರಿ ಬಳ್ಳಾರಿಯದು, ಅಳತೆಗೋಲು ಬೆಂಗಳೂರಿನದು. ಎರಡೂ ಒಂದೇ ಸಂಸ್ಥೆಯ ಕೂಸು. ಮಾದರಿ ದೇಶ ಸುತ್ತಿತು, ಅಳತೆಗೋಲು ಹೆಚ್ಚಾಗಿ ಥೀಸಿಸ್ ಬರೆಯುವವರ ಕೈಯಲ್ಲೇ ಉಳಿಯಿತು.

ನಲವತ್ತು ಪರ್ಸೆಂಟ್

ಕಾನೂನಿನಲ್ಲಿ ಹೊತ್ತವರ ಹೆಸರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ "ಆರೈಕೆದಾರ" ಎಂಬ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ದುಡ್ಡು ತಗೊಂಡೋ ತಗೊಳ್ಳದೆಯೋ ನೋಡಿಕೊಳ್ಳುವವರು, ತಂದೆ ತಾಯಿ ಮನೆಯವರೂ ಸೇರಿ ಅಂತ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಮಾತು ಅದರ 24ನೇ ಕಲಮಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಮು, ರೋಗಿಯ ಮನೆಯವರಿಗೆ ನೆರವಾಗುವ ಸೇವೆಯೂ ಇರಬೇಕು ಎನ್ನುತ್ತದೆ. ಓದಲು ಚೆನ್ನಾಗಿದೆ.

ಅಂಗವಿಕಲತೆಗೆ ಪರ್ಸೆಂಟ್ ಇದೆ. ವೈದ್ಯರು ಪರೀಕ್ಷೆ ಮಾಡಿ ಸರ್ಟಿಫಿಕೇಟಿನಲ್ಲಿ ಬರೆಯುತ್ತಾರೆ. ನಲವತ್ತು ಇದ್ದರೆ ಸೌಲಭ್ಯದ ಬಾಗಿಲು ತೆಗೆಯುತ್ತದೆ, ಮೂವತ್ತೊಂಬತ್ತಾದರೆ ಕಷ್ಟ. ಅದನ್ನು ತಪ್ಪೆನ್ನಲಾಗದು, ಎಲ್ಲಾದರೂ ಗೆರೆ ಎಳೆಯಲೇಬೇಕು. ಆದರೆ ಆ ಸಿರುಗುಪ್ಪ ಕಡೆಯ ತಾಯಿಯ ಸೊಂಟ ಎಷ್ಟು ಪರ್ಸೆಂಟ್ ಹೋಗಿದೆ?

ಕೇರಳದಲ್ಲಿ 2010ರಿಂದ ಆಶ್ವಾಸಕಿರಣಂ ಎಂಬ ಯೋಜನೆ ಇದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳ ಸಹಾಯಧನ, ಆಮೇಲೆ ಅದು 600 ರೂಪಾಯಿಗೆ ಏರಿತು. ಕರ್ನಾಟಕದಲ್ಲಿ 2024-25ನೇ ಸಾಲಿನ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಘೋಷಿಸಿದರು. ದಿನಕ್ಕೆ ಮೂವತ್ತಮೂರು ರೂಪಾಯಿ. ಕಡೆಗಣಿಸುವ ಮೊತ್ತವಲ್ಲ, ಮೊದಲ ಸಲ "ಜೊತೆಗೆ ಬಂದವರು" ಒಂದು ಪಟ್ಟಿಯಲ್ಲಿ ಬಂದರು. ಆದರೆ ಘೋಷಣೆಯ ಪಟ್ಟಿಯಲ್ಲಿ ಕೌಲ್ ಬಜಾರಿನಾಕೆಯ ಗಂಡನ ಕಾಯಿಲೆ ಇರಲಿಲ್ಲ. ಪಾತ್ರೆ ಅಂಗಡಿಯವರ ತಾಯಿಯ ಕಾಯಿಲೆಯೂ ಇರಲಿಲ್ಲ.

ಇದೂ ಅಳತೆಯ ಪ್ರಶ್ನೆಯೇ. ಕಾಯಿಲೆಯ ಹೆಸರು ನೋಡಿ ಭತ್ಯೆ ಕೊಡುವುದೋ, ಹೊತ್ತವರ ಭಾರ ನೋಡಿ ಕೊಡುವುದೋ? ಹೆಸರು ನೋಡುವುದು ಗುಮಾಸ್ತರಿಗೆ ಸುಲಭ.

ನಿದ್ದೆ ಅಂತ ಬರೆಸಿದ ಹೊತ್ತು

ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಕಚೇರಿಯವರು ಜನ ಹೊತ್ತು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡುತ್ತಾರೆ. 2024ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸರಾಸರಿ 140 ನಿಮಿಷ. ಗಂಡಸರಲ್ಲಿ ನೂರಕ್ಕೆ 21.4, ಹೊತ್ತು 74 ನಿಮಿಷ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ಬೆಳಗಿನ ಜಾವ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ ಅರ್ಧರ್ಧ ಗಂಟೆ ಲೆಕ್ಕ ಹಾಕಿ ಬರೆದುಕೊಳ್ಳುತ್ತಾರೆ.

ಅಚ್ಚುಕಟ್ಟಾದ ಕೆಲಸ. ಆದರೆ ರಾತ್ರಿ ಹನ್ನೊಂದರಿಂದ ಐದರವರೆಗೆ ಏನು ಮಾಡಿದಿರಿ ಎಂದು ಕೇಳಿದರೆ ಕೌಲ್ ಬಜಾರಿನಾಕೆ ಏನಂತಾಳೆ? "ಮಲಗಿದ್ದೆ" ಅಂತಾಳೆ. ನಿದ್ದೆ ಅಂತ ಬರೆದುಕೊಳ್ಳುತ್ತಾರೆ. ಕಿವಿ ಲೋಟದ ಮೇಲಿತ್ತು ಎಂಬುದನ್ನು ಬರೆಯುವ ಕೋಷ್ಟಕ ಯಾವುದು?

ಹಾಗಾಗಿ ಕೇಳುವ ರೀತಿ ಬದಲಾಗಬೇಕು. ನಿದ್ದೆ ಬಂತಾ ಅಂದರೆ ಬಂತು ಅಂತಾರೆ. ರಾತ್ರಿ ಎಷ್ಟು ಸಲ ಎದ್ದಿರಿ ಅಂದರೆ ಬೆರಳು ಮಡಚಿ ಎಣಿಸ್ತಾರೆ. ಕಷ್ಟ ಐತಾ ಅಂದರೆ, "ಏನೂ ಇಲ್ರಿ, ದೇವರು ನಡೆಸ್ತಾನೆ" ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಹೋದ ತಿಂಗಳು ಎಷ್ಟು ದಿನ ಕೂಲಿ ತಪ್ಪಿತು, ನಿಮ್ಮದೇ ಮಾತ್ರೆ ತರೋದು ಯಾವಾಗ ಬಿಟ್ಟಿರಿ, ಮನೆ ಬಿಟ್ಟು ಕೊನೇ ಸಲ ಮದುವೆಗೋ ಜಾತ್ರೆಗೋ ಹೋಗಿದ್ದು ಯಾವ ವರ್ಷ ಎಂದು ಕೇಳಿ, ಉತ್ತರ ತಾನಾಗಿ ಬರುತ್ತದೆ. ಅತ್ತೆಯ ಮುಂದೆ ಸೊಸೆಯನ್ನು ಕೇಳಿದರೆ ಏನೂ ಹೊರಡುವುದಿಲ್ಲ, ಅದೂ ಗೊತ್ತಿರಬೇಕು.

ಕೇಳುವವರು ಯಾರು ಎಂಬುದೂ ಮುಖ್ಯ. ಸೇವೆ ಕೊಡುವವರೇ ಬಂದು, ನಮ್ಮ ಸೇವೆ ಹೇಗಿದೆ ಅಂದರೆ ಯಾರು ತಾನೆ ಕೆಟ್ಟದ್ದು ಹೇಳ್ತಾರೆ? ನಾಳೆ ಮಾತ್ರೆಗೆ ಅವರ ಹತ್ತಿರವೇ ಹೋಗಬೇಕು. ತಕ್ಕಡಿ ಹಿಡಿದವನೇ ಸೀಲು ಒತ್ತಿಕೊಳ್ಳುವ ಪದ್ಧತಿ ಯಾವ ಮಾರ್ಕೆಟ್ಟಿನಲ್ಲೂ ಇಲ್ಲ. ಆಮೇಲೆ, ಒಂದು ಸಲ ಕೇಳಿದರೆ ಸಾಲದು. ಸೇವೆ ಶುರುವಾಗುವ ಮುಂಚೆ ಒಂದು ಸಲ, ಆರು ತಿಂಗಳ ಮೇಲೆ ಇನ್ನೊಂದು ಸಲ. ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಿ ಮತ್ತೊಂದು ಸಲ. ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಆರೈಕೆದಾರರ ಸಮೀಕ್ಷೆ ನಡೆಸುವ ಪದ್ಧತಿಯನ್ನು ಬಹಳ ಹಿಂದೆಯೇ ತಂದರು. ನಿಮಗೆ ಇಷ್ಟವಾದದ್ದು ಮಾಡಲು ಹೊತ್ತು ಸಿಗುತ್ತದಾ ಎಂದೇ ಕೇಳುತ್ತಾರೆ. ಇಲ್ಲಿ ಅಷ್ಟು ದೂರ ಹೋಗುವುದು ಬೇಡ, ಆಪರೇಷನ್ ಮಾಡಿಸಿಕೊಳ್ಳಲು ಹೊತ್ತು ಸಿಗುತ್ತದಾ ಎಂದು ಕೇಳಿದರೆ ಸಾಕು.

2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಫೋನ್ ಸೇವೆ ಬಂತು. ನಂಬರ್ 14416. ರಾತ್ರಿ ಹಗಲು, ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಒಳ್ಳೆಯದೇ, ಅಂಗಡಿಯ ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ ನಂಬರು. ಇದಕ್ಕೂ ಅದೇ ಮಾತು. ಎಷ್ಟು ಕರೆ ಬಂತು ಎಂಬುದು ಎಕ್ಸ್‌ಚೇಂಜಿನ ಲೆಕ್ಕ. ರಾತ್ರಿ ಎರಡಕ್ಕೆ ಫೋನ್ ಮಾಡಿದ ಮನೆಯಲ್ಲಿ ಬೆಳಗಾದ ಮೇಲೆ ಏನಾಯಿತು ಎಂಬುದೇ ನಿಜವಾದ ಲೆಕ್ಕ. ಮಾನಸಾಧಾರದಂಥ ಹಗಲು ಕೇಂದ್ರಗಳದೂ ಹಾಗೇ. ಅಲ್ಲಿ ರೋಗಿ ಮೇಣದಬತ್ತಿ ಮಾಡಿದನೋ ಕವರ್ ಅಂಟಿಸಿದನೋ, ಸಂತೋಷ. ಆ ನಾಲ್ಕೈದು ಗಂಟೆ ಮನೆಯಲ್ಲಿ ಹೆಂಡತಿಗೋ ತಾಯಿಗೋ ಸಿಕ್ಕಿತಲ್ಲ, ಅದನ್ನೂ ಪಕ್ಕದ ಕಾಲಂನಲ್ಲಿ ಬರೆಯಬೇಕು.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡಬೇಕು. "ಹೊರೆ", "ಭಾರ" ಅನ್ನುವ ಮಾತು ಒಳಕೋಣೆಗೂ ಕೇಳಿಸುತ್ತದೆ. ಕಾಯಿಲೆಯವನು ಕಿವುಡನಲ್ಲ. ನಿನ್ನಿಂದ ಮನೆಗೆ 48ಕ್ಕೆ 39 ಅಂಕ ಭಾರ ಎಂದು ಅವನ ಮುಂದೆ ಓದಿದರೆ ಅವನ ಎದೆ ಏನಾದೀತು? ಅವನೇನು ಬೇಕಂತ ಕಾಯಿಲೆ ಬಿದ್ದವನಲ್ಲ. ಪಾತ್ರೆ ಅಂಗಡಿಯವರು ಇದನ್ನು ಬೇರೆ ರೀತಿ ಹೇಳುತ್ತಾರೆ. "ಅವ್ವ ಭಾರ ಅಲ್ರಿ. ಅವ್ವನ್ನ ಒಬ್ನೇ ಹೊತ್ಕೊಂಡಿರೋದು ಭಾರ."

ಕೌಲ್ ಬಜಾರಿನಲ್ಲಿ ಈಗ ಒಂದು ದಾರಿ ಕಂಡಿದೆ. ಅಕ್ಕನ ಮಗಳು ದಸರಾ ರಜೆಗೆ ಬಂದು ಇರ್ತೀನಿ ಅಂದಿದ್ದಾಳೆ. ಆ ಹೊತ್ತಿಗೇ ಆಪರೇಷನ್ ಹಾಕಿಕೊಡಿ ಎಂದು ಆಕೆ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾಳೆ. ಪಾಳಿ ನೋಡಿ ಹೇಳ್ತೀವಿ ಅಂದಿದ್ದಾರೆ. ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಅಂತ ಎರಡು ಡಬ್ಬಿಗೆ ಬೇರೆ ಬೇರೆ ಬಣ್ಣದ ದಾರ ಸುತ್ತಿಟ್ಟಿದ್ದಾಳೆ, ಜೀನ್ಸ್ ಹೊಲಿಯುವ ದಾರವೇ. ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದಾಳೆ. ಹುಡುಗಿಗೆ ಹದಿನಾರು ವರ್ಷ. ಜಾಣೆ, ಅಡುಗೆ ಬರುತ್ತದೆ, ಇವನೂ ಅವಳ ಮಾತು ಕೇಳುತ್ತಾನೆ.

"ಎಲ್ಲಾ ಸರಿ ಐತ್ರಿ. ಆ ಹುಡುಗಿ ನಿದ್ದಿ ಭಾಳ ಗಟ್ಟಿ. ಲೋಟದ ಸಪ್ಪಳಕ್ಕ ಏಳ್ತಾಳೋ ಇಲ್ಲೋ."